ಮಳೆಗಾಲಕ್ಕೆ ಹೂತಿಟ್ಟ ಮಟ್ಟೆ

ಹಗ್ಗ ಹೊಸೆಯುವವರಿಗೆ ಆಷಾಢ ಬಂತೆಂದರೆ ಕೈಕಟ್ಟಿ ಕೂರುವ ಕಾಲ. ಬಿಸಿಲಿಲ್ಲದೆ ನಾರು ಒಣಗುವುದಿಲ್ಲ, ಒಣಗದ ನಾರು ಹುರಿಗೆ ಬರುವುದಿಲ್ಲ. ಬೇಸಾಯದವರು ಉಳುಮೆಗೆ ಬೇಕಾದ ಹಗ್ಗ, ಕಣ್ಣಿಗಳನ್ನೆಲ್ಲ ಮುಂಗಾರಿಗೆ ಮೊದಲೇ ಕೊಂಡಿರುತ್ತಾರೆ. ಮತ್ತೆ ಅವರಿಗೆ ನಮ್ಮ ನೆನಪಾಗುವುದು ರಾಗಿ ಹೊರೆ ಕಟ್ಟುವಾಗಲೇ. ಆ ನಡುವಿನ ತಿಂಗಳುಗಳಲ್ಲಿ ನಮ್ಮ ರಾಟೆಯ ಮೇಲೆ ಕೋಳಿ ಕೂತು ತೂಕಡಿಸುತ್ತಿತ್ತು. ನಾನೂ ನನ್ನ ಓರಗಿತ್ತಿಯೂ ಆ ಕೋಳಿಯನ್ನು ನೋಡಿ, ಇದಕ್ಕಾದರೂ ಒಂದು ಕೆಲಸ ಸಿಕ್ಕಿತಲ್ಲ ಎಂದು ನಗುತ್ತಿದ್ದೆವು. ನಗು ಮುಗಿದ ಮೇಲೆ ಅವಳು ಬಟ್ಟೆ ಗಂಟು ಕಟ್ಟುತ್ತಿದ್ದಳು.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಮೈದುನ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಇನ್ನೂ ಎಳೆ ವಯಸ್ಸು, ಮಡಿಲಲ್ಲಿ ಹೆಣ್ಣುಕೂಸು. ನಮ್ಮೂರು ತುರುವೇಕೆರೆಯಿಂದ ದಂಡಿನಶಿವರದ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುತ್ತದೆ. ಮನೆಗೆ ನಾಲ್ಕು ತೆಂಗಿನ ಮರ, ಒಂದು ತುಂಡು ಹೊಲ. ನನ್ನ ಗಂಡ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು, ಮಳೆಗಾಲದಲ್ಲಿ ಆ ಕೆಲಸವೂ ಇಳಿಮುಖವೇ. ನಮ್ಮ ಅತ್ತೆ ಕೆಟ್ಟವರೇನಲ್ಲ. ಆದರೆ ರಾಗಿ ವಾಡೆ ಬರಿದಾಗುತ್ತಾ ಬಂದ ಹಾಗೆ ಅವರ ನಾಲಿಗೆ ಹರಿತವಾಗುತ್ತಿತ್ತು. ಆದ್ದರಿಂದ ಪ್ರತಿ ಮಳೆಗಾಲ ನನ್ನ ಓರಗಿತ್ತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಂದನಕೆರೆ ಕಡೆಯ ತನ್ನ ಅಣ್ಣನ ಮನೆಗೆ ಹೋಗಿಬಿಡುತ್ತಿದ್ದಳು. ನನ್ನ ಪಾಲಿನ ಮುದ್ದೆಯಲ್ಲೇ ಅರ್ಧ ಕೊಡುತ್ತೇನೆ ಇರು ಎಂದರೆ ಅವಳು ಒಪ್ಪುತ್ತಿರಲಿಲ್ಲ. ದುಡಿಯದೆ ಉಣ್ಣುವುದು ಅವಳಿಂದ ಆಗುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಆ ವರ್ಷ ದೀಪಾವಳಿ ಕಳೆದು ಅವಳು ಅಣ್ಣನ ಮನೆಯಿಂದ ಹಿಂತಿರುಗಿದಾಗ ಮುಖ ಬಾಡಿತ್ತು. ಮೂರನೆಯ ದಿನ ರಾಟೆ ತಿರುಗಿಸುತ್ತಾ, ತಲೆ ಎತ್ತದೆ ಹೇಳಿದಳು. ಅಣ್ಣ ಒಂದು ಸಂಬಂಧ ನೋಡಿದ್ದಾನೆ. ಹೊಸದುರ್ಗದ ಕಡೆಯವರು, ಹೆಂಡತಿ ಸತ್ತಿದ್ದಾಳೆ, ಇಬ್ಬರು ಚಿಕ್ಕ ಮಕ್ಕಳು. ವರ್ಷ ವರ್ಷ ಮಳೆಗಾಲಕ್ಕೆ ಬಂದು ಕೂತರೆ ತನ್ನ ಮನೆಯಲ್ಲೂ ಹೊಟ್ಟೆಗಳಿವೆ, ಬರುವ ಮಳೆಗಾಲ ಸತ್ತ ಗಂಡನ ಮನೆಯಲ್ಲೇ ಕಳೆಯುವ ಹಾಗಿದ್ದರೆ ಸರಿ, ಇಲ್ಲದಿದ್ದರೆ ಗೌರಿಹಬ್ಬಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಖಂಡಿತವಾಗಿ ಹೇಳಿದ್ದಾನೆ.

ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಕೊಟ್ಟು ಇನ್ನೊಂದು ಮನೆಗೆ ಕಳಿಸುವ ಪದ್ಧತಿ ಇದೆ. ಉಡಿಕೆ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಹೆಣ್ಣುಮಕ್ಕಳು ಅದರಿಂದ ಬದುಕಿಕೊಂಡಿದ್ದಾರೆ. ಆದರೆ ಮೊದಲ ಗಂಡನ ಮಕ್ಕಳು ಮೊದಲ ಗಂಡನ ಮನೆಗೇ ಸೇರಿದವರು ಎನ್ನುವುದು ಕಟ್ಟಳೆ. ಉಡಿಕೆಯಾಗಿ ಹೋಗುವವಳು ಬರಿಗೈಲಿ ಹೋಗಬೇಕು. ಅಂದರೆ ಅವಳು ಹೊಸದುರ್ಗದ ಕಡೆ ಹೋಗಿ ಯಾರದೋ ಎರಡು ಮಕ್ಕಳನ್ನು ಸಾಕಬೇಕು, ತನ್ನ ಕೂಸನ್ನು ಇಲ್ಲಿ ಬಿಡಬೇಕು. ಕೂಸಿಗೆ ಆಗ ನಾಲ್ಕು ತುಂಬಿತ್ತು. ತಾಯಿಯ ಸೆರಗು ಹಿಡಿಯದೆ ನಿದ್ದೆ ಮಾಡದ ಮಗು.

ನನಗೆ ಮೊದಲಿನಿಂದ ಸಿಟ್ಟು ಜಾಸ್ತಿ. ಅವಳ ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಕೇಳುವಷ್ಟು ಕೇಳಿ, "ಬೈದು ಏನು ಬಂತಕ್ಕ? ಮಳೆಗಾಲಕ್ಕೆ ಕೆಲಸ ಎಲ್ಲಿಂದ ತರಾಣ, ಅದ್ನ ಯೋಳು" ಅಂದಳು. ಅಂದಿನಿಂದ ನಾವಿಬ್ಬರೂ ಹಿಂದೆಂದೂ ಮಾಡದ ಒಂದು ಕೆಲಸ ಮಾಡಿದೆವು. ಕೂತು ಲೆಕ್ಕ ಹಾಕಿದೆವು. ದುಡ್ಡಿನ ಲೆಕ್ಕವಲ್ಲ, ತಿಂಗಳುಗಳ ಲೆಕ್ಕ. ಆಷಾಢದಿಂದ ದೀಪಾವಳಿವರೆಗೆ ಇಬ್ಬರ ಕೈಗೆ ಬಿಡುವಿಲ್ಲದಂತೆ ಮಾಡಲು ಎಷ್ಟು ನಾರು ಬೇಕು, ಅಷ್ಟು ನಾರಿಗೆ ಎಷ್ಟು ತೆಂಗಿನಕಾಯಿ ಮಟ್ಟೆ ಬೇಕು, ಅದನ್ನು ಯಾವಾಗ ನೆನೆಹಾಕಬೇಕು, ಎಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಕೊಳ್ಳುವವರಿಲ್ಲದಿದ್ದರೂ ಹಗ್ಗ ಹೊಸೆದು ಅಟ್ಟಕ್ಕೇರಿಸಬಹುದು. ಸುಗ್ಗಿಗೆ ಎಲ್ಲರಿಗಿಂತ ಮೊದಲು ಮಾಲು ನಮ್ಮ ಬಳಿ ಇರುತ್ತದೆ. ತುರುವೇಕೆರೆಯ ಹಗ್ಗದ ಅಂಗಡಿಯ ಯಜಮಾನರನ್ನು ಕೇಳಿದಾಗ, ಒಳ್ಳೆ ಹಗ್ಗವಾದರೆ ಮಳೆಗಾಲದಲ್ಲೂ ತೆಗೆದುಕೊಂಡು ಇಟ್ಟುಕೊಳ್ಳುತ್ತೇನೆ, ಬದಲಿಗೆ ರಾಗಿ ಕೊಡಿಸುತ್ತೇನೆ ಎಂದರು. ರಾಗಿ ಎಂದ ಕೂಡಲೇ ನಮಗೆ ಅರ್ಧ ಗೆದ್ದ ಹಾಗಾಯಿತು.

ಮಟ್ಟೆ ನಮಗೆ ಬರುತ್ತಿದ್ದುದು ಊರಿನ ದೊಡ್ಡಮನೆಯಿಂದ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಮಟ್ಟೆ ಸಮೇತ ವರ್ಷವಿಡೀ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟಗಿಟ ಎನ್ನುವಾಗ ಇಳಿಸಿ ಸುಲಿಯುತ್ತಾರೆ. ಸುಲಿದ ಮಟ್ಟೆ ಹೋಗುವುದು ಬಚ್ಚಲು ಹಂಡೆಯ ಒಲೆಗೆ. ದೊಡ್ಡಮನೆಯವರು ಅದನ್ನು ನಮಗೆ ಕೊಟ್ಟರೆ ಅವರ ಬಾವಿಗೆ, ದನಗಳಿಗೆ ವರ್ಷದ ಹಗ್ಗವನ್ನು ನಾವು ಹೊಸೆದುಕೊಡಬೇಕು, ಇದು ಹಳೆಯ ವಾಡಿಕೆ. ಈ ಸಲ ಎರಡರಷ್ಟು ಮಟ್ಟೆ ಕೇಳಿದೆವು. ಹಂಡೆಗೆ ಏನು ಉರಿಸೋದು ಎಂದು ದೊಡ್ಡಮನೆಯ ಅಜ್ಜಿ ತಕರಾರು ತೆಗೆದರು. ಒಣಗಿ ಬಿದ್ದ ಸೋಗೆ, ಎಡಮಟ್ಟೆ ಎಲ್ಲ ನಾವೇ ಆಯ್ದು ತಂದು ಹಾಕುತ್ತೇವೆ ಎಂದು ಒಪ್ಪಿಸಿದೆವು. ಆ ಬೇಸಿಗೆಯಲ್ಲಿ ಬೆಳಿಗ್ಗೆ ಅವರ ತೋಟದಲ್ಲಿ ಸೌದೆ ಆಯುವುದು, ಆಮೇಲೆ ನಮ್ಮ ರಾಟೆ, ಸಂಜೆ ಮಟ್ಟೆ ಹೊರುವುದು. ನನ್ನ ಗಂಡ ನಮ್ಮಿಬ್ಬರನ್ನು ನೋಡಿ, ಮಂಡಿಗೆ ನಿಮ್ಮನ್ನು ಕಳಿಸಿ ನಾನು ಮನೆಯಲ್ಲಿ ಕೂರಬಹುದು ಎನ್ನುತ್ತಿದ್ದರು.

ಒಣ ಮಟ್ಟೆಯಿಂದ ನಾರು ಸುಮ್ಮನೆ ಬರುವುದಿಲ್ಲ. ಕೆರೆಯಂಗಳದಲ್ಲಿ ಗುಂಡಿ ತೋಡಿ, ಒಸರುವ ನೀರಿನಲ್ಲಿ ಮಟ್ಟೆಯನ್ನು ಪದರ ಪದರವಾಗಿ ಜೋಡಿಸಿ, ಮೇಲೆ ಕೆಸರು ಮೆತ್ತಿ ಕಲ್ಲು ಹೇರಬೇಕು. ನಾಲ್ಕೈದು ತಿಂಗಳಿಗೆ ಮಟ್ಟೆ ಮೆತ್ತಗಾಗಿ, ಕೊಡತಿಯಿಂದ ಬಡಿದರೆ ಪುಡಿ ಉದುರಿ ನಾರು ಬಿಡಿಸಿಕೊಳ್ಳುತ್ತದೆ. ಮಟ್ಟೆ ನೀರಿನ ಕೆಳಗೇ ಇರಬೇಕು, ಅದೇ ಮುಖ್ಯ. ಮೇಲೆದ್ದು ಬಿಸಿಲು ಕಂಡರೆ ಮತ್ತೆ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಡಿದರೂ ನಾರು ತುಂಡು ತುಂಡು. ನಾವು ಪ್ರತಿವರ್ಷ ಕೆರೆಯ ಮೇಲಂಚಿನಲ್ಲಿ, ಊರಿಗೆ ಹತ್ತಿರದಲ್ಲಿ ಎರಡು ಗುಂಡಿ ಹಾಕುತ್ತಿದ್ದೆವು. ಹಿಂದಿನ ಬೇಸಿಗೆಯಲ್ಲಿ ಆ ಎರಡರಲ್ಲಿ ಒಂದು ಬತ್ತಿಹೋಗಿ ಮಾಲು ಹಾಳಾಗಿತ್ತು.

ಮಳೆಗಾಲದ ಮೂರನೆಯ ಗುಂಡಿಯನ್ನು ಎಲ್ಲಿ ಹಾಕುವುದು ಎಂಬ ಮಾತು ಬಂತು. ನಮ್ಮ ಯೋಚನೆ ಹೀಗಿತ್ತು. ಯುಗಾದಿ ಹೊತ್ತಿಗೆ ಮಟ್ಟೆ ಹೂಳುವುದು. ಶ್ರಾವಣದಲ್ಲಿ ನಮ್ಮ ಕಡೆ ಮಳೆಯ ನಡುವೆ ಬಿಸಿಲೂ ಬರುತ್ತದೆ. ಆಗ ವಾರಕ್ಕೆ ಬೇಕಾದಷ್ಟು ಮಟ್ಟೆಯನ್ನು ಮಾತ್ರ ಕಿತ್ತು, ಕೊಟ್ಟಿಗೆಯ ಸೂರಿನಡಿ ಬಡಿದು, ಬಿಸಿಲು ಕಂಡಾಗ ಅಂಗಳದಲ್ಲೂ ಇಲ್ಲದಾಗ ಅಡಿಗೆಮನೆಯ ಅಟ್ಟದ ಬಿಸಿಯಲ್ಲೂ ಒಣಗಿಸುವುದು. ಹಾಗೆ ಸ್ವಲ್ಪ ಸ್ವಲ್ಪವಾಗಿ ದೀಪಾವಳಿವರೆಗೆ ಎಳೆಯುವುದು. ಮೇಲಂಚಿನ ಗುಂಡಿ ಬತ್ತುತ್ತದೆ ಎಂಬ ಭಯ ಇದ್ದುದರಿಂದ ಏರಿಯ ಒಳಬದಿಯ ಬುಡದಲ್ಲಿ, ತೂಬಿನ ಪಕ್ಕದಲ್ಲಿ ಹಾಕಲು ಇಬ್ಬರೂ ತೀರ್ಮಾನಿಸಿದೆವು. ಇಡೀ ಕೆರೆಯಲ್ಲಿ ತೀರಾ ತಗ್ಗಾದ ಜಾಗ ಅದು. ಎಂಥ ಬೇಸಿಗೆಯಲ್ಲೂ ಅಲ್ಲಿ ಎಮ್ಮೆ ಹೊರಳುವಷ್ಟು ನೀರಿರುತ್ತಿತ್ತು.

ಕೆರೆ ತುಂಬಿದರೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಅದು. ನಾನು ಆ ಊರಿಗೆ ಸೊಸೆಯಾಗಿ ಬಂದ ಮೇಲೆ ಕೆರೆ ತುಂಬಿದ್ದನ್ನು ನೋಡಿಯೇ ಇರಲಿಲ್ಲ. ಅಂಗಳದ ಅರ್ಧದಲ್ಲಿ ಜನ ಸೌತೆ, ಹುರುಳಿ ಬೆಳೆಯುತ್ತಿದ್ದರು. ಹುಡುಗರು ಕೋಡಿಯ ಕಲ್ಲಿನ ಮೇಲೆ ಕೂತು ಚೌಕಾಬಾರ ಆಡುತ್ತಿದ್ದರು. ಗುಂಡಿ ತೋಡುವಾಗ ಏರಿಯ ಮೇಲೆ ಹೋಗುತ್ತಿದ್ದ ನಮ್ಮ ಮಾವ ನಿಂತು ನೋಡಿ, ಜಾಗ ಒಳ್ಳೇದು, ಒಣಗಲ್ಲ ಎಂದು ಹೇಳಿ ಹೋದರು. ಮಾವ ಬಾಯಿ ಬಿಟ್ಟು ಒಳ್ಳೆಯದು ಎಂದದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಆ ದಿನ ನನ್ನ ಓರಗಿತ್ತಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಟ್ಟೆ ಜೋಡಿಸುತ್ತಾ, ಇದೆಲ್ಲ ಕೂಸಿನ ಹೊದಿಕೆ ಕಣಕ್ಕ, ಮಳೆಗಾಲ ಪೂರ್ತಿ ಬೆಚ್ಚಗಿರ್ತಾಳೆ ಅಂದಳು. ಅವಳು ಅಷ್ಟು ಹಗುರವಾಗಿ ಮಾತಾಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಮುಂಗಾರು ಕೈಕೊಟ್ಟಿತು. ರೋಹಿಣಿ ಮಳೆ ಬರಲೇ ಇಲ್ಲ, ಮುಂದಿನವೂ ಹನಿ ಹಾಕಿ ಹೋದವು. ಊರೆಲ್ಲ ಬಿತ್ತನೆಗೆ ಆಕಾಶ ನೋಡುತ್ತಿತ್ತು, ನಾವಿಬ್ಬರು ಗುಂಡಿ ನೋಡುತ್ತಿದ್ದೆವು. ತೂಬಿನ ಹತ್ತಿರದ ಗುಂಡಿಯಲ್ಲೂ ನೀರು ತಳಕ್ಕಿಳಿದು ಮೇಲಿನ ಪದರ ಬಿಸಿಲಿಗೆ ಬಿತ್ತು. ದಿನಾ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ಅದರ ಮೇಲೆ ಸುರಿದೆವು. ಕುಡಿಯುವ ನೀರಿಗೇ ಪರದಾಡುವಾಗ ಮಟ್ಟೆಗೆ ನೀರು ಹೊರುವ ನಮ್ಮನ್ನು ನೋಡಿ ಜನ ನಕ್ಕರು. ನಗಲಿ ಎಂದುಕೊಂಡೆವು. ಆಷಾಢದ ಕೊನೆಗೆ ಒಂದು ದಿನ ಒಂದೆರಡು ಮಟ್ಟೆ ಕಿತ್ತು ಹಿಸುಕಿ ನೋಡಿದಳು. ಕೆಳಗಿನವು ಹದಕ್ಕೆ ಬರುತ್ತಿದ್ದವು, ಮೇಲಿನವು ಇನ್ನೂ ಬಿರುಸು. ಇನ್ನು ಮೂರು ವಾರ ಬಿಡೋಣ, ಶ್ರಾವಣ ಬರಲಿ ಎಂದಳು. ನನಗೂ ಅದೇ ಸರಿ ಅನ್ನಿಸಿತು.

ಶ್ರಾವಣದ ಎರಡನೆಯ ವಾರ ಆಶ್ಲೇಷ ಮಳೆ ಶುರುವಾಯಿತು. ನಮ್ಮೂರಲ್ಲಿ ಅಷ್ಟೇನೂ ಬರಲಿಲ್ಲ. ಬಂದದ್ದೆಲ್ಲ ಮೇಲುಗಡೆ. ಬೆಳಿಗ್ಗೆ ಎದ್ದು ನೋಡಿದರೆ ಹಳ್ಳ ಕೆಮ್ಮಣ್ಣಿನ ನೀರಿನಿಂದ ಎರಡೂ ದಡ ತುಂಬಿ ಬರುತ್ತಿತ್ತು. ಇಬ್ಬರೂ ಕೆರೆಗೆ ಓಡಿದೆವು. ತೂಬಿನ ಬಳಿ ನಾವು ಗುರುತಿಗೆ ನೆಟ್ಟಿದ್ದ ಗೂಟದ ತುದಿ ಮಾತ್ರ ಕಾಣುತ್ತಿತ್ತು. ನೋಡುತ್ತಾ ನಿಂತಿದ್ದ ಹಾಗೆಯೇ ಅದೂ ಮುಳುಗಿತು. ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿಯಲು ಹೊರಟಳು. ನಾನು ರಟ್ಟೆ ಹಿಡಿದು ಎಳೆದುಕೊಂಡೆ. ಮರುದಿನವೂ ಹಳ್ಳ ಹರಿಯಿತು, ಅದರ ಮರುದಿನವೂ ಹರಿಯಿತು. ಆ ವಾರದ ಕೊನೆಗೆ ಕೆರೆ ಕೋಡಿ ಬಿತ್ತು.

ಊರಿಗೆ ಊರೇ ಏರಿಯ ಮೇಲೆ ಬಂದಿತ್ತು. ಹೆಂಗಸರು ಮೊರದ ಬಾಗಿನ ತಂದರು, ತಮಟೆ ಬಡಿದರು, ಮುದುಕರು ಕೋಡಿಯ ನೀರನ್ನು ಕಣ್ಣಿಗೊತ್ತಿಕೊಂಡು ಅತ್ತರು. ಅವರದು ಸಂತೋಷದ ಅಳು, ಯಾಕಾಗಬಾರದು? ಬಾವಿಗಳು ತುಂಬುತ್ತವೆ, ತೋಟಗಳು ಉಳಿಯುತ್ತವೆ. ನಮ್ಮ ಅತ್ತೆಯೂ ಬಾಗಿನ ಹಿಡಿದು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಬಾಗಿನವನ್ನು ನೀರಿಗೆ ಬಿಡುವಾಗ ನನ್ನ ಓರಗಿತ್ತಿ ಹಿಂದೆ ನಿಂತಿದ್ದಳು. ಗಂಡ ಸತ್ತವಳು ಬಾಗಿನ ಮುಟ್ಟುವಂತಿಲ್ಲ. ಊರೆಲ್ಲ ಗಂಗಮ್ಮನಿಗೆ ಕೈಮುಗಿಯುವಾಗ ನಾನು ಒಳಗೊಳಗೇ ಅವಳನ್ನು ಶಪಿಸುತ್ತಿದ್ದೆ. ಇಷ್ಟು ವರ್ಷ ಬಾರದವಳು ಇನ್ನು ಮೂರು ವಾರ ತಡೆಯಬಾರದಿತ್ತೇ ಎಂದು.

ಕೈಚೆಲ್ಲಿ ಕೂರಲಿಲ್ಲ. ಮೇಲಂಚಿನ ಗುಂಡಿಗಳಲ್ಲಿದ್ದುದು ಸುಗ್ಗಿಗೆಂದು ತಡವಾಗಿ ಹೂತದ್ದು, ಇನ್ನೂ ನೆಂದಿರಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಇಬ್ಬರು ಗಂಡಸರನ್ನು ಗೋಗರೆದು ಮುಳುಗು ಹಾಕಿಸಿದೆವು. ಆಳ ಎರಡಾಳಿಗಿಂತ ಹೆಚ್ಚು, ನೀರು ಕೆಸರು, ಕಣ್ಣಿಗೆ ಏನೂ ಕಾಣದು. ಕೈಯಲ್ಲಿ ತಡವಿ ಮೇಲೆ ಹೇರಿದ್ದ ಕಲ್ಲುಗಳಲ್ಲಿ ಕೆಲವನ್ನು ಸರಿಸಿ, ಸಿಕ್ಕಷ್ಟು ಮಟ್ಟೆ ಕಿತ್ತು ತಂದರು. ಸಿಕ್ಕಿದ್ದೆಲ್ಲ ಮೇಲಿನ ಪದರದವು, ಬಿಸಿಲು ತಿಂದು ಬಿರುಸಾಗಿದ್ದವು. ಹದವಾಗಿ ನೆಂದಿದ್ದ ಕೆಳಗಿನ ಪದರಕ್ಕೆ ಅವರ ಉಸಿರು ಸಾಲಲಿಲ್ಲ. ಇನ್ನೂ ಮುಳುಗಿ ಎನ್ನಲು ನನಗೆ ಬಾಯಿ ಬರಲಿಲ್ಲ, ಅವರ ತುಟಿ ನೀಲಿಗಟ್ಟಿತ್ತು. ಸಿಕ್ಕಿದ್ದನ್ನೇ ಕೊಟ್ಟಿಗೆಗೆ ತಂದು ಬಡಿದೆವು. ಅಂಗೈ ಬೊಬ್ಬೆ ಬಂದು ಒಡೆಯುವ ತನಕ ಬಡಿದೆವು. ಪುಡಿ ಬಿಡಲಿಲ್ಲ. ಬಂದ ನಾರು ಗಿಡ್ಡ, ಕೆಂಪು, ಹಿಡಿದರೆ ಚುಚ್ಚುವಂಥದ್ದು.

ಆದರೂ ಹೊಸೆದೆವು. ಒಬ್ಬಳು ರಾಟೆ ತಿರುಗಿಸುವುದು, ಇನ್ನೊಬ್ಬಳು ಸೊಂಟಕ್ಕೆ ನಾರು ಕಟ್ಟಿಕೊಂಡು ಎಳೆ ಬಿಡುತ್ತಾ ಹಿಂದಕ್ಕೆ ನಡೆಯುವುದು, ಆಮೇಲೆ ಮೂರು ಎಳೆ ಸೇರಿಸಿ ಹುರಿ ಮಾಡುವುದು. ಕೊಟ್ಟಿಗೆಯ ಉದ್ದ ಸಾಲದೆ ದನಗಳನ್ನು ಹೊರಗೆ ಮಳೆಯಲ್ಲಿ ಕಟ್ಟಿದೆವು. ಗಿಡ್ಡ ನಾರನ್ನು ಒತ್ತೊತ್ತಾಗಿ ಸೇರಿಸಿ, ಹುರಿ ಬಿಗಿ ಮಾಡಿ ಹೊಸೆದರೆ ನೋಡಲು ಹಗ್ಗ ಹಗ್ಗದ ಹಾಗೆಯೇ ಇತ್ತು. ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು, ದಪ್ಪಗೆ, ಹೊಳೆಯುವ ಹಾಗೆ. ಹಗ್ಗದ ಒಂದು ಸುರುಳಿಯನ್ನು ತುರುವೇಕೆರೆಗೆ ಹೊತ್ತೆ. ಅಂಗಡಿಯ ಯಜಮಾನರು ಮುಟ್ಟಿ ನೋಡಿ, ಕೆರೆಗಳೆಲ್ಲ ತುಂಬಿವೆ, ಗದ್ದೆಗಿಳಿಯುವವರಿಗೆಲ್ಲ ಹಗ್ಗ ಬೇಕು, ಇರುವಷ್ಟೂ ತನ್ನಿ ಎಂದರು. ಬಸ್ಸಿಗೂ ಕಾಯದೆ ನಡೆದುಕೊಂಡೇ ಊರಿಗೆ ಬಂದೆ. ಗೌರಿಹಬ್ಬಕ್ಕೆ ಇನ್ನೊಂದು ವಾರವಿತ್ತು.

ಬಂದು ನೋಡಿದರೆ ಅವಳು ಅಂಗಳದಲ್ಲಿ ನಿಂತಿದ್ದಾಳೆ. ಹೊಸ ಹಗ್ಗದ ಒಂದು ತುದಿಯನ್ನು ಕಣದ ಗುಂಡುಕಲ್ಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎತ್ತಿನ ನೊಗಕ್ಕೆ ಕಟ್ಟಿ ಎಳೆಸಿದ್ದಾಳೆ. ಹಗ್ಗ ನಡುವೆ ತುಂಡಾಗಿ ಬಿದ್ದಿದೆ. ಇನ್ನೊಂದನ್ನು ಎಳೆಸಿದಳು, ಅದೂ ತುಂಡಾಯಿತು. ಮೂರನೆಯದು ತಡೆಯಿತು. ನಾನು ಅಂಗಡಿಯವರ ಮಾತು ಹೇಳಿದೆ. ಮಾರೋಣ, ಮೂರರಲ್ಲಿ ಒಂದಾದರೂ ತಡೆಯುತ್ತದಲ್ಲ, ದನ ಕಟ್ಟುವವರಿಗೆ ಇಷ್ಟು ಸಾಕು ಎಂದೆ. ಮಾರೋಣ ಎಂದವಳು ನಾನೇ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ. ಒಂದು ಕಡೆ ಯಾರದೋ ಕೊಟ್ಟಿಗೆಯ ದನ, ಇನ್ನೊಂದು ಕಡೆ ನಮ್ಮ ಕೂಸು.

ಅವಳು ತುಂಡಾದ ತುದಿಯ ನಾರನ್ನು ಎಳೆ ಎಳೆಯಾಗಿ ಬಿಡಿಸಿದಳು. ಆಮೇಲೆ ಹೇಳಿದಳು: "ದನ ಕಟ್ಟಾಕೆ ಅಂತ ಹಗ್ಗದ ಮ್ಯಾಲೆ ಬರ್ದಿರಲ್ಲ ಕಣಕ್ಕ. ಬಾವಿ ಹೂಳು ತೆಗೆಯಾಕೆ ಇದ್ನೇ ಸೊಂಟಕ್ಕೆ ಕಟ್ಕಂಡು ಒಬ್ಬ ಇಳೀತಾನೆ. ಅವ್ನ ಮನೇಲೂ ಕೂಸಿರ್ತದೆ."

ಎದುರಾಡಲು ನನಗೆ ಮಾತು ಬೇಕಾದಷ್ಟಿತ್ತು. ಆಡಿದೆ ಕೂಡ. ಸುಮ್ಮನೆ ಒಳ್ಳೆಯವಳಾಗಬೇಡ, ಒಳ್ಳೆಯತನಕ್ಕೆ ಯಾರೂ ರಾಗಿ ಅಳೆಯುವುದಿಲ್ಲ, ಕೂಸಿನ ಮುಖ ನೋಡಿ ತೀರ್ಮಾನ ಮಾಡು ಎಂದೆ. ಅವಳು ಜಗಳವಾಡಲಿಲ್ಲ. ಎದ್ದು ಹೋಗಿ ಹೊಸೆದ ಹಗ್ಗವನ್ನೆಲ್ಲ ತಂದು ಒಂದೊಂದಾಗಿ ಹುರಿ ಬಿಚ್ಚತೊಡಗಿದಳು. ನಾನು ನೋಡುತ್ತಾ ನಿಂತೆ. ಕೊನೆಗೆ ಪಕ್ಕದಲ್ಲಿ ಕೂತು ನಾನೂ ಬಿಚ್ಚಿದೆ. ಹೊಸೆಯಲು ಹಿಡಿದಷ್ಟು ಹೊತ್ತು ಬಿಚ್ಚಲು ಹಿಡಿಯಲಿಲ್ಲ.

ಬಿಚ್ಚಿದ ನಾರಿನಿಂದ ಪಾತ್ರೆ ಉಜ್ಜುವ ಗುಂಡು, ತಲೆಹೊರೆಗೆ ಸಿಂಬಿ, ಕಾಲೊರಸು ಮಾಡಿ ಸಂತೆಗೆ ಹೊತ್ತೆವು. ಮಳೆಗೆ ಸಂತೆಯೇ ಸರಿಯಾಗಿ ಕೂಡಲಿಲ್ಲ. ಕೂಡಿದ ಜನಕ್ಕೆ ಪಾತ್ರೆ ಉಜ್ಜಲು ಮನೆಯ ನಾರೇ ಇತ್ತು, ತೆಂಗಿನ ಸೀಮೆಯಲ್ಲಿ ಅದನ್ನು ಕೊಳ್ಳುವವರಾರು? ಇಬ್ಬರೂ ಒದ್ದೆ ಗಂಟನ್ನು ಹೊತ್ತುಕೊಂಡು ಹಿಂತಿರುಗಿದೆವು. ದಾರಿಯುದ್ದಕ್ಕೂ ಅವಳು ಕೂಸಿಗೆ ಏನೇನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ಹೇಳುತ್ತಾ ಬಂದಳು. ಹುಳಿ ಮಜ್ಜಿಗೆ ಕೊಟ್ಟರೆ ಕೆಮ್ಮುತ್ತಾಳೆ. ಮಲಗುವಾಗ ಎಡಗೈಗೆ ಸೆರಗಿನ ತುದಿ ಬೇಕು, ಬಲಗೈಗೆ ಕೊಟ್ಟರೆ ಆಗದು. ಇದೆಲ್ಲ ನನಗೆ ಗೊತ್ತಿಲ್ಲವೇನೇ ಎಂದು ಗದರಿದೆ. ಗೊತ್ತಿತ್ತು ನಿಜ, ಆದರೆ ಅವಳು ಹೇಳುವುದನ್ನು ಕೇಳಲಾಗಲಿಲ್ಲ.

ಆ ವಾರ ನಾನು ಮಾವನ ಮುಂದೆ ನಿಂತು ಮಾತಾಡಿದೆ. ಸೊಸೆಯಂದಿರು ಹಾಗೆ ನಿಂತು ಮಾತಾಡುವ ಮನೆಯಲ್ಲ ಅದು. ಕೂಸನ್ನೂ ಅವಳ ಜೊತೆ ಕಳಿಸಿ, ನಾಲ್ಕು ವರ್ಷದ ಮಗುವಿಗೆ ಕಟ್ಟಳೆ ಏನು ಗೊತ್ತು ಎಂದೆ. ಮಾವ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. "ಹಬ್ಬಕ್ಕೆ ಹೋಗಿ ಬರದಾದ್ರೆ ಕರ್ಕಂಡೋಗ್ಲಿ. ಇನ್ನೊಬ್ಬರ ಮನೆ ತುಂಬಾಕೆ ಹೋಗದಾದ್ರೆ ನನ್ ಮಗನ ಕೂಸು ಇಲ್ಲೇ ಇರ್ತದೆ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಸತ್ತ ಮಗನದು ಅಂತ ಅವರಿಗೆ ಉಳಿದಿದ್ದುದು ಅದೊಂದೇ. ಯಾರ ಮೇಲೆ ಸಿಟ್ಟು ಮಾಡಬೇಕೋ ನನಗೆ ತಿಳಿಯಲಿಲ್ಲ. ಗಂಡನನ್ನು ಕೇಳಿದರೆ, ಅಪ್ಪನ ಮಾತು ಮೀರುವುದಾದರೂ ಹೇಗೆ, ಆ ಕಡೆಯವರೂ ಮಗುವನ್ನು ಕರೆತರಬೇಡಿ ಎಂದಿದ್ದಾರಂತೆ ಎಂದರು.

ಗೌರಿಹಬ್ಬದ ದಿನ ಅವಳ ಅಣ್ಣ ಬಂದ. ನಾನು ಬೈಯಲು ಎಷ್ಟೊಂದು ಮಾತು ಕೂಡಿಟ್ಟುಕೊಂಡಿದ್ದೆ. ಬಂದವನು ಮೊಣಕಾಲವರೆಗೆ ಕೆಸರಾಗಿ, ಒದ್ದೆ ಕಂಬಳಿ ಹೊದ್ದು, ಕೂಸಿಗೆಂದು ಪೊಟ್ಟಣದಲ್ಲಿ ಮಂಡಕ್ಕಿ ತಂದಿದ್ದ. ಊಟಕ್ಕೆ ಕೂತವನು ಎರಡು ತುತ್ತು ತಿಂದು ಕೈತೊಳೆದ. ಮಳೆಗಾಲಕ್ಕೆ ಕೆಲಸ ಆಯ್ತೇನವ್ವ ಎಂದು ತಂಗಿಯನ್ನು ಕೇಳಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಆಗಿದ್ದರೆ ಚೆನ್ನಾಗಿತ್ತು ಎಂದ. ಅವನು ಹಾಗೆ ಅಂದದ್ದು ನಾಟಕವಾಗಿರಲಿಲ್ಲ.

ಕೂಸಿನ ಎದುರಿಗೆ ಹೊರಡುವುದು ಬೇಡವೆಂದು ಅವಳೇ ಹೇಳಿದಳು. ಮಾವ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಡಿ ನೀರು ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಹೋಗುವಾಗ ಮಗು ತಾಯಿಗೆ ಕೈಬೀಸಿತು. ಅವಳೂ ಬೀಸಿದಳು. ಏರಿಯ ತಿರುವಿನಲ್ಲಿ ಅವರು ಮರೆಯಾಗುವ ತನಕ ನಿಂತಿದ್ದು, ಒಳಗೆ ಬಂದು ಅತ್ತೆಯ ಕಾಲಿಗೆ ಬಿದ್ದಳು. ಸದಾ ಹರಿತವಾಗಿ ಮಾತಾಡುವ ಅತ್ತೆ ಅವಳನ್ನು ಎತ್ತಿ ಅಪ್ಪಿಕೊಂಡು ಗೊಳೋ ಎಂದು ಅತ್ತರು. ನನ್ನ ಕಾಲಿಗೆ ಬೀಳಲು ಬಂದಾಗ ನಾನು ಬಿಡಲಿಲ್ಲ. ತನ್ನ ಹಳೆಯ ಸೀರೆಯೊಂದನ್ನು ನನ್ನ ಕೈಗೆ ಕೊಟ್ಟು, "ಮಲಗುವಾಗ ಕೊಡಕ್ಕ" ಅಂದಳು. ಅವಳು ಅಣ್ಣನ ಹಿಂದೆ ಬಸ್ಸಿನ ರಸ್ತೆಯ ಕಡೆಗೆ ನಡೆದುಹೋದಳು.

ಆಮೇಲಿನದನ್ನು ಹೆಚ್ಚು ಹೇಳಲು ನನಗೆ ಶಕ್ತಿಯಿಲ್ಲ. ಕೂಸು ಮೊದಲ ಕೆಲವು ದಿನ ಅತ್ತಿತು. ಆಮೇಲೆ ಅಳುವುದನ್ನು ನಿಲ್ಲಿಸಿತು, ಅದು ಇನ್ನೂ ಕಷ್ಟವಾಯಿತು. ಮಧ್ಯಾಹ್ನದ ಬಸ್ಸಿನ ಹಾರನ್ ಕೇಳಿದರೆ ಆಟ ಬಿಟ್ಟು ರಸ್ತೆಯ ತುದಿಗೆ ಹೋಗಿ ನಿಲ್ಲುತ್ತಿತ್ತು. ಇಳಿದವರನ್ನೆಲ್ಲ ನೋಡಿ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಕಾರ್ತಿಕದಲ್ಲಿ ಅವಳಿಗೆ ಉಡಿಕೆಯಾಯಿತೆಂದು ಸುದ್ದಿ ಬಂತು. ಸುಗ್ಗಿಗೆ ಮೇಲಂಚಿನ ಗುಂಡಿಗಳ ಮಾಲಿನಿಂದ ನಾನು ಪಕ್ಕದ ಮನೆಯವಳನ್ನು ಕೂಡಿಸಿಕೊಂಡು ಅಷ್ಟಿಷ್ಟು ಹೊಸೆದೆ. ಹಗ್ಗದ ಕೆಲಸ ಒಬ್ಬರಿಂದ ಆಗುವುದಿಲ್ಲ.

ಮುಂದಿನ ಬೇಸಿಗೆಗೆ ಕೆರೆಯ ನೀರು ಇಳಿಯಿತು. ಯುಗಾದಿ ಕಳೆದು ಕೆಲವು ದಿನಕ್ಕೆ ತೂಬಿನ ಬಳಿ ಕೆಸರು ಕಂಡಿತು. ಕೊಳೆತು ನಾರುತ್ತಿರಬಹುದು, ತೆಗೆದು ಗೊಬ್ಬರಕ್ಕಾದರೂ ಹಾಕೋಣ ಎಂದು ನಾನೂ ನನ್ನ ಗಂಡನೂ ಗುಂಡಿ ಬಿಚ್ಚಿದೆವು. ಒಂದು ಮಟ್ಟೆ ಎತ್ತಿ ಹಿಸುಕಿದರೆ ಬೆರಳ ಸಂದಿನಲ್ಲಿ ಪುಡಿಯೆಲ್ಲ ತಾನಾಗಿ ಜಾರಿತು. ಕೊಡತಿ ಮುಟ್ಟಿಸಿದರೆ ಸಾಕು, ನಾರು ಉದ್ದಕ್ಕೆ, ಮೆತ್ತಗೆ, ಬಂಗಾರದ ಬಣ್ಣದಲ್ಲಿ ಬಿಡಿಸಿಕೊಂಡಿತು. ಅಷ್ಟು ಒಳ್ಳೆಯ ನಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದೇ ಒಂದು ಮಟ್ಟೆಯೂ ಕೆಟ್ಟಿರಲಿಲ್ಲ. ಮಳೆಗಾಲ ಪೂರ್ತಿ ಇಬ್ಬರ ಕೈಗೂ ಆಗಿ ಮಿಗುವಷ್ಟಿತ್ತು. ನಾನು ಕೆಸರಿನಲ್ಲೇ ಕೂತುಬಿಟ್ಟೆ. ನನ್ನ ಗಂಡ ಉಳಿದ ಮಟ್ಟೆಯನ್ನು ಒಬ್ಬರೇ ಎತ್ತತೊಡಗಿದರು.

ನಾರನ್ನು ಅಂಗಳದ ತುಂಬ ಹರವಿ ಒಣಗಿಸುತ್ತಿದ್ದಾಗ ಅವಳ ಅಣ್ಣ ಬಂದ. ಹೊಸದುರ್ಗದ ಕಡೆ ಹೋಗಿ ತಂಗಿಯನ್ನು ನೋಡಿ ಬರುತ್ತಿದ್ದ. ಚೆನ್ನಾಗಿದ್ದಾಳೆ, ಆ ಎರಡು ಮಕ್ಕಳೂ ಅವಳನ್ನು ಬಿಟ್ಟಿರುವುದಿಲ್ಲ, ಗಂಡ ಒಳ್ಳೆಯವನು ಎಂದ. ಆ ಮನೆಯಲ್ಲಿ ಹಿಂದಿನ ಸಂಸಾರದ ಮಾತೆತ್ತುವ ಹಾಗಿಲ್ಲವಂತೆ. ಅತ್ತೆ ನಾದಿನಿಯರೆಲ್ಲ ಸುತ್ತ ಕೂತಿದ್ದಾಗ ಇವನನ್ನು ಬೀಳ್ಕೊಡಲು ಬಾಗಿಲಿಗೆ ಬಂದವಳು ಒಂದೇ ಮಾತು ಕೇಳಿದಳಂತೆ.

"ತೂಬಿನ ತಾವ ಹಾಕಿದ್ ಮಟ್ಟೆ ಏನಾದ್ವು, ಅಕ್ಕನ ಕೇಳ್ಕಂಡು ಬಾ ಅಂದ್ಲು. ಇನ್ನೇನೂ ಕೇಳ್ನಿಲ್ಲ" ಎಂದ.

ಕೂಸು ಆಗ ರಸ್ತೆಯ ತುದಿಯಲ್ಲಿ ನಿಂತಿತ್ತು. ಅವನು ಅಂಗಳದ ಈ ತುದಿಯಿಂದ ಆ ತುದಿವರೆಗೆ ಹೊಳೆಯುತ್ತಿದ್ದ ನಾರನ್ನು ನೋಡಿದ. ತೆಂಗಿನ ಸೀಮೆಯವನು, ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಲ್ಲಾ ಕೊಳ್ತೋಗಿದ್ವು ಅಂತ ಯೋಳಣ್ಣ" ಎಂದೆ. "ಒಂದು ಹಿಡಿ ನಾರೂ ಸಿಗ್ನಿಲ್ಲ ಅನ್ನು."

ಅವನು ತಲೆ ತಗ್ಗಿಸಿದ. "ಹಂಗೇ ಯೋಳ್ತೀನಿ ಬುಡಕ್ಕ" ಅಂದು, ನಾರನ್ನು ತುಳಿಯದ ಹಾಗೆ ಅಂಗಳದ ಅಂಚಿನಲ್ಲೇ ನಡೆದು ಹೊರಗೆ ಹೋದ.